ಮೀಥೇನ್ ಮಾಡೋ ಆರ್ಕಿಯಾ: ಹೆಸರಲ್ಲಿ ಬ್ಯಾಕ್ಟೀರಿಯಾ ಯಾಕಿದೆ, ಆರ್ಡರ್ ಎಷ್ಟು?

ಕಲಿಕೆಜೀವಿ:
ಎಲ್ಲರಿಗೂ ನಮಸ್ಕಾರ. ಎಂಎಸ್ಸಿ ಮೈಕ್ರೋಬಯಾಲಜಿ ಓದ್ತಿದೀನಿ, ಮುಂದಿನ ವಾರ ಮೀಥೇನ್ ಮಾಡೋ ಆರ್ಕಿಯಾ ಬಗ್ಗೆ, ಅಂದ್ರೆ ಮೆಥನೋಜೆನ್ ಅನ್ನೋ ಸೂಕ್ಷ್ಮಜೀವಿಗಳ ಬಗ್ಗೆ ಸೆಮಿನಾರ್ ಇದೆ. ಎರಡು ವಿಷಯ ಬಗೆಹರೀತಿಲ್ಲ. ಮೆಥನೋಬ್ಯಾಕ್ಟೀರಿಯಂ, ಮೆಥನೋಬ್ರೆವಿಬ್ಯಾಕ್ಟರ್ ಅಂತ ಹೆಸರಲ್ಲೇ ಬ್ಯಾಕ್ಟೀರಿಯಾ ಇಟ್ಕೊಂಡು ಬ್ಯಾಕ್ಟೀರಿಯಾ ಅಲ್ಲ ಅಂತಾರಲ್ಲ, ಮೈಕ್ರೋಸ್ಕೋಪಲ್ಲಿ ನೋಡಿದ್ರೆ ಅದೇ ಕಡ್ಡಿ ಅದೇ ಗುಂಡು, ನ್ಯೂಕ್ಲಿಯಸ್ಸೂ ಇಲ್ಲ, ಮತ್ತೆ ಯಾವ ಆಧಾರದ ಮೇಲೆ ಬೇರೆ ಮಾಡಿದ್ರು? ಇನ್ನೊಂದು, ಇವೆಲ್ಲಾ ಒಂದೇ ಕುಲಾನಾ? ಒಂದು ಪುಸ್ತಕದಲ್ಲಿ 5 ಆರ್ಡರ್ (ವರ್ಗೀಕರಣದ ಒಂದು ಮಟ್ಟ), ಇನ್ನೊಂದರಲ್ಲಿ 7, ಮತ್ತೊಂದು ಕಡೆ ಇವನ್ನೆಲ್ಲಾ ಸೇರಿಸ್ತಿದ್ದ ಯೂರಿಆರ್ಕಿಯೋಟಾ ಅನ್ನೋ ಫೈಲಮ್ಮೇ (ಆರ್ಡರಿಗಿಂತ ಮೇಲಿನ ದೊಡ್ಡ ಗುಂಪು) ಕಾಣ್ತಿಲ್ಲ. ಸ್ಲೈಡಲ್ಲಿ ಯಾವುದನ್ನ ಹಾಕ್ಲಿ?

ಹಳೇಲ್ಯಾಬು:
ಹೆಸರಿಗೆ ಕಾರಣ ಇಷ್ಟೇ, ಮೆಥನೋಬ್ಯಾಕ್ಟೀರಿಯಂ ಅಂತ ಹೆಸರಿಟ್ಟಿದ್ದು 1936ರಲ್ಲಿ, ಆರ್ಕಿಯಾ ಅನ್ನೋ ಯೋಚನೇನೇ ಆಗ ಯಾರಿಗೂ ಇರ್ಲಿಲ್ಲ. ನಾಮಕರಣದ ನಿಯಮದಲ್ಲಿ ಮೊದಲು ಬಂದ ಹೆಸರಿಗೇ ಬೆಲೆ, ಅರ್ಥ ತಪ್ಪು ಅಂತ ಗೊತ್ತಾದ್ರೂ ಬದಲಾಯಿಸಲ್ಲ.

ಬೇರೆ ಮಾಡಿದ್ದು ಆಕಾರ ನೋಡಿ ಅಲ್ಲ, ಕೋಶದಲ್ಲಿ ಪ್ರೋಟೀನ್ ಕಟ್ಟೋ ರೈಬೋಸೋಮಿನ ಆರ್‌ಎನ್‌ಎ ಓದಿ. ಇಲಿನಾಯ್ ಯೂನಿವರ್ಸಿಟೀಲಿ ಕಾರ್ಲ್ ವೋಸ್ ಅದರಲ್ಲಿ 16ಎಸ್ ಅನ್ನೋ ಆರ್‌ಎನ್‌ಎನ ಎನ್‌ಜೈಮಿಂದ ತುಂಡು ಮಾಡಿ ಒಂದೊಂದು ಜೀವಿಗೂ ತುಂಡುಗಳ ಪಟ್ಟಿ ಮಾಡ್ತಿದ್ರು. ಅಲ್ಲೇ ಇದ್ದ ರಾಲ್ಫ್ ವೂಲ್ಫ್ ಮೀಥೇನ್ ಜೀವಿಗಳನ್ನ ಬೆಳೆಸೋದ್ರಲ್ಲಿ ಪಳಗಿದವರು, ಅವರ ಕಲ್ಚರ್ ತಗೊಂಡು ನೋಡಿದ್ರೆ ಎಲ್ಲಾ ಬ್ಯಾಕ್ಟೀರಿಯಾದಲ್ಲೂ ಇರ್ಬೇಕಾದ ತುಂಡುಗಳೇ ಇದ್ರಲ್ಲಿ ಇಲ್ಲ. 1977ರಲ್ಲಿ ವೋಸ್ ಮತ್ತು ಜಾರ್ಜ್ ಫಾಕ್ಸ್ ಪೇಪರ್ ಬಂತು, ಆಗ ಆರ್ಕಿಬ್ಯಾಕ್ಟೀರಿಯಾ ಅಂತಿದ್ರು, 1990ರಲ್ಲಿ ಬ್ಯಾಕ್ಟೀರಿಯಾ ಅನ್ನೋ ಬಾಲ ಕಿತ್ತು ಆರ್ಕಿಯಾ ಅಂತ ಡೊಮೇನ್ (ಜೀವಿಗಳ ಅತಿ ದೊಡ್ಡ ವಿಭಾಗ) ಮಾಡಿದ್ರು. ನಿನ್ನ ಸೆಮಿನಾರಿಗೆ ಇದು ಮುಖ್ಯ, ಇಡೀ ಆರ್ಕಿಯಾ ಡೊಮೇನ್ ಬೆಳಕಿಗೆ ಬಂದಿದ್ದೇ ಈ ಮೀಥೇನ್ ಜೀವಿಗಳಿಂದ.

ಆರ್‌ಎನ್‌ಎ ಒಂದೇ ಅಲ್ಲ. ಪೊರೆಯ ಲಿಪಿಡ್ಡಲ್ಲಿ ಬ್ಯಾಕ್ಟೀರಿಯಾಗೆ ಎಸ್ಟರ್ ಬಂಧ, ಇವಕ್ಕೆ ಈಥರ್ ಬಂಧ. ಗೋಡೇಲಿ ಬ್ಯಾಕ್ಟೀರಿಯಾಗೆ ಇರೋ ಪೆಪ್ಟಿಡೋಗ್ಲೈಕಾನ್ ಇಲ್ಲ, ಕೆಲವಕ್ಕೆ ಅದನ್ನ ಹೋಲೋ ಸ್ಯೂಡೋಮ್ಯೂರಿನ್, ಹಲವಕ್ಕೆ ಬರೀ ಪ್ರೋಟೀನಿನ ಪದರ, ಅದಕ್ಕೇ ಪೆಪ್ಟಿಡೋಗ್ಲೈಕಾನ್ ಕಟ್ಟೋದನ್ನ ತಡೆಯೋ ಪೆನಿಸಿಲಿನ್ ಕೆಲಸ ಮಾಡಲ್ಲ.

ನೀಲಿಹೊಳಪು:
ಮೈಕ್ರೋಸ್ಕೋಪಲ್ಲಿ ಒಂದೇ ಥರ ಅಂದ್ರಲ್ಲ, ಫ್ಲೋರೆಸೆನ್ಸ್ ಮೈಕ್ರೋಸ್ಕೋಪಲ್ಲಿ ನೋಡಿ, ಹಾಗನ್ಸಲ್ಲ. ಎಫ್420 ಅಂತ ಒಂದು ಕೋಎನ್‌ಜೈಮ್ (ಎನ್‌ಜೈಮಿಗೆ ನೆರವಾಗೋ ಅಣು) ಇವುಗಳಲ್ಲಿದೆ, 420 ನ್ಯಾನೋಮೀಟರ್ ಬೆಳಕು ಬಿದ್ರೆ ನೀಲಿ ಹಸಿರಾಗಿ ಹೊಳೆಯತ್ತೆ. ನಾನು ಮೊದಲ ಸಲ ಡೈಜೆಸ್ಟರ್ (ಗೋಬರ್ ಗ್ಯಾಸ್ ತೊಟ್ಟಿ ಥರದ್ದು) ಕೆಸರಿನ ಸ್ಲೈಡ್ ಇಟ್ಟಾಗ ಕಪ್ಪು ಹಿನ್ನೆಲೇಲಿ ಕಡ್ಡಿಕಡ್ಡಿಯಾಗಿ ಹೊಳೀತಿದ್ವು, ಬಣ್ಣ ಏನೂ ಹಾಕಿರ್ಲಿಲ್ಲ, ಅವುಗಳದೇ ಬೆಳಕು, ತುಂಬಾ ಹೊತ್ತು ಕಣ್ಣು ತೆಗೆಯೋಕೆ ಮನಸ್ಸಾಗ್ಲಿಲ್ಲ. ಆದ್ರೆ ಅಸಿಟೇಟ್ ತಿನ್ನೋ ಮೆಥನೋಥ್ರಿಕ್ಸಲ್ಲಿ ಎಫ್420 ಕಮ್ಮಿ, ಹೊಳಪಿಲ್ಲ ಅಂದ ಮಾತ್ರಕ್ಕೆ ಮೆಥನೋಜೆನ್ ಅಲ್ಲ ಅಂತ ತೀರ್ಮಾನ ಮಾಡ್ಬೇಡಿ.

ಇನ್ನೊಂದು ಕತೆ ಸೆಮಿನಾರಲ್ಲಿ ಹೇಳ್ಲೇಬೇಕು. ಮೆಥನೋಬ್ಯಾಸಿಲಸ್ ಓಮೆಲಿಯಾನ್ಸ್ಕಿ ಅಂತ ಒಂದು ಕಲ್ಚರ್ ಇತ್ತು, ಎಥನಾಲ್ ತಿಂದು ಮೀಥೇನ್ ಬಿಡತ್ತೆ ಅಂತ 1940ರಿಂದ ಶುದ್ಧ ಕಲ್ಚರ್ ಅಂತಾನೇ ನಂಬಿದ್ರು, ಎಷ್ಟೋ ಪೇಪರ್ ಬಂದಿದ್ವು. 1967ರಲ್ಲಿ ಬ್ರಯಂಟ್, ವೋಲಿನ್, ವೂಲ್ಫ್ ತೋರಿಸಿದ್ರು, ಅದು ಒಂದಲ್ಲ, ಎರಡು ಜೀವಿ! ಒಂದು ಬ್ಯಾಕ್ಟೀರಿಯಾ ಎಥನಾಲನ್ನ ಒಡೆದು ಹೈಡ್ರೋಜನ್ ಬಿಡತ್ತೆ, ಆ ಹೈಡ್ರೋಜನ್ ಅಲ್ಲೇ ಸೇರಿಕೊಂಡ್ರೆ ಅದರ ಬೆಳವಣಿಗೇನೇ ನಿಂತುಹೋಗತ್ತೆ, ಪಕ್ಕದ ಮೆಥನೋಜೆನ್ ಅದನ್ನ ಹೀರಿ ಕಾರ್ಬನ್ ಡೈಆಕ್ಸೈಡ್ ಜೊತೆ ಸೇರಿಸಿ ಮೀಥೇನ್ ಮಾಡ್ತಾ ಇದ್ದದ್ದಕ್ಕೆ ಎರಡೂ ಬದುಕಿದ್ವು. ಸಿಂಟ್ರೋಫಿ ಅನ್ನೋದು ಇದನ್ನೇ. ಹಸುವಿನ ಹೊಟ್ಟೆ, ಜೌಗು ನೆಲ, ಡೈಜೆಸ್ಟರ್, ಎಲ್ಲಾ ಕಡೆ ನಡೆಯೋದು ಇದೇ ಪಾಲುದಾರಿಕೆ, ಯಾಕಂದ್ರೆ ಮೆಥನೋಜೆನ್‌ಗೆ ಸಕ್ಕರೆ, ಸೆಲ್ಯುಲೋಸ್ ನೇರವಾಗಿ ತಿನ್ನೋಕೆ ಬರಲ್ಲ, ಅದು ಬದುಕೋದು ಬೇರೆಯವರು ಬಿಟ್ಟ ಹೈಡ್ರೋಜನ್, ಫಾರ್ಮೇಟ್, ಅಸಿಟೇಟ್, ಮೆಥನಾಲ್ ಇಂಥ ಸಣ್ಣ ಅಣುಗಳ ಮೇಲೆ.

ವಂಶವೃಕ್ಷ:
ಎರಡನೇ ಪ್ರಶ್ನೆಗೆ ನಾನು ಹೇಳ್ತೀನಿ. ಮೆಥನೋಜೆನ್ ಅನ್ನೋದು ಕಸುಬಿನ ಹೆಸರು, ಕುಲದ ಹೆಸರಲ್ಲ. ಇದೊಂದು ತಲೇಲಿ ಕೂತ್ರೆ ಉಳಿದದ್ದು ತಾನಾಗೇ ಬಿಡಿಸ್ಕೊಳತ್ತೆ.

ನಿನ್ನ 5 ಮತ್ತು 7 ಎರಡೂ ಅವವುಗಳ ಕಾಲಕ್ಕೆ ಸರಿ. ಹಳೇ ಐದು ಅಂದ್ರೆ ಮೆಥನೋಬ್ಯಾಕ್ಟೀರಿಯೇಲ್ಸ್, ಮೆಥನೋಕಾಕೇಲ್ಸ್, ಮೆಥನೋಮೈಕ್ರೋಬಿಯೇಲ್ಸ್, ಮೆಥನೋಸಾರ್ಸಿನೇಲ್ಸ್, ಮೆಥನೋಪೈರೇಲ್ಸ್. 2008ರಲ್ಲಿ ಭತ್ತದ ಗದ್ದೆ ಮಣ್ಣಿಂದ ಬೆಳೆಸಿದ ಜೀವಿಯಿಂದ ಮೆಥನೋಸೆಲ್ಲೇಲ್ಸ್ ಸೇರ್ತು, ಆಮೇಲೆ 2012ರಲ್ಲಿ ಮನುಷ್ಯನ ಮಲದಿಂದ ಸಿಕ್ಕ ಮೆಥನೋಮಸಿಲಿಕಾಕಸ್ ವಿವರಣೆ ಬಂತು, ಅದರಿಂದ ಏಳನೇದು. ಈ ಏಳನೇದರ ಹತ್ತಿರದ ನೆಂಟ ಯಾರು ಗೊತ್ತಾ, ಬೇರೆ ಮೆಥನೋಜೆನ್ ಅಲ್ಲ, ಗೋಡೆನೇ ಇಲ್ಲದ, ಆಮ್ಲದಲ್ಲಿ ಬದುಕೋ ಥರ್ಮೋಪ್ಲಾಸ್ಮಾ! ಹಾಗೇ ಉಪ್ಪುನೀರಲ್ಲಿ ಆಕ್ಸಿಜನ್ ಉಸಿರಾಡೋ ಹ್ಯಾಲೋಆರ್ಕಿಯಾ ಮೆಥನೋಸಾರ್ಸಿನಾ, ಮೆಥನೋಮೈಕ್ರೋಬಿಯಂ ಇರೋ ಕೊಂಬೆಗೇ ಹತ್ತಿರ, ಅದೇ ಮೆಥನೋಬ್ಯಾಕ್ಟೀರಿಯಂ ಅವಕ್ಕೆ ದೂರ. ಅದಕ್ಕೇ ಜೀನೋಮ್ ಆಧಾರದ ಮೇಲೆ ವರ್ಗೀಕರಣ ಮಾಡೋ ಜಿಟಿಡಿಬಿ ಅನ್ನೋ ಡೇಟಾಬೇಸಲ್ಲಿ ಯೂರಿಆರ್ಕಿಯೋಟಾನ ಒಡೆದು ಮೆಥನೋಬ್ಯಾಕ್ಟೀರಿಯೋಟಾ, ಹ್ಯಾಲೋಬ್ಯಾಕ್ಟೀರಿಯೋಟಾ, ಥರ್ಮೋಪ್ಲಾಸ್ಮಟೋಟಾ ಅಂತ ಮಾಡಿದಾರೆ, ಮೆಥನೋಜೆನ್‌ಗಳು ಮೂರರಲ್ಲೂ ಹಂಚಿಹೋಗಿವೆ. ಸಾಲದ್ದಕ್ಕೆ ಈ ಮೂರಕ್ಕೂ ಹೊರಗಿನ ಆರ್ಕಿಯಾಗಳಲ್ಲೂ ಮೀಥೇನ್ ಜೀನ್ 2015ರಿಂದ ಸಿಗ್ತಾ ಬಂತು, 2024ರಲ್ಲಿ ಅಂಥ ಕೆಲವನ್ನ ಲ್ಯಾಬಲ್ಲಿ ಬೆಳೆಸಿ ನಿಜವಾಗ್ಲೂ ಮೀಥೇನ್ ಬರತ್ತೆ ಅಂತ ತೋರಿಸಿದ್ರು.

ಸ್ಲೈಡಲ್ಲಿ ಏಳು ಆರ್ಡರ್ ಹಾಕು, ಪಕ್ಕದಲ್ಲಿ ಹೊಸ ಫೈಲಮ್ ಹೆಸರು ಬರಿ, ಎರಡೂ ಯಾಕಿದೆ ಅಂತ ಬಾಯಲ್ಲಿ ಹೇಳು.

ಕಲಿಕೆಜೀವಿ:
ತುಂಬಾ ತುಂಬಾ ಥ್ಯಾಂಕ್ಸ್, ಕಸುಬು ಕುಲ ಅಂದಿದ್ದು ಚೆನ್ನಾಗಿ ಮನಸ್ಸಿಗೆ ಹೋಯ್ತು, ಸೆಮಿನಾರನ್ನ ಅಲ್ಲಿಂದಾನೇ ಶುರು ಮಾಡ್ತೀನಿ. ಕೊನೇದೊಂದು ಡೌಟು. ಕುಲ ಬೇರೆ ಆದ್ರೂ ಕಸುಬಿನ ಗುರುತಿಗೆ ಒಂದು ಜೀನ್ ಇರ್ಬೇಕಲ್ಲ? ಎಂಸಿಆರ್‌ಎ ಜೀನ್ ಸಿಕ್ರೆ ಮೀಥೇನ್ ಮಾಡತ್ತೆ ಅಂತ ಹೇಳಬಹುದಾ?

ವಂಶವೃಕ್ಷ:
ಒಳ್ಳೇ ಪ್ರಶ್ನೆ. ಕೊನೇ ಹೆಜ್ಜೇಲಿ ಮೀಥೇನ್ ಬಿಡಿಸೋ ಎನ್‌ಜೈಮ್ ಮೀಥೈಲ್ ಕೋಎನ್‌ಜೈಮ್ ಎಂ ರಿಡಕ್ಟೇಸ್, ಅದರೊಳಗೆ ನಿಕಲ್ ಇರೋ ಎಫ್430 ಅನ್ನೋ ನೆರವಿನ ಅಣು ಕೂತಿರತ್ತೆ, ಎಂಸಿಆರ್‌ಎ ಅದರದೇ ಜೀನ್. ಹೈಡ್ರೋಜನ್ ದಾರಿ, ಅಸಿಟೇಟ್ ದಾರಿ, ಮೆಥನಾಲ್ ದಾರಿ, ಯಾವುದ್ರಲ್ಲಿ ಬಂದ್ರೂ ಕೊನೇ ಬಾಗಿಲು ಇದೇ, ಹಾಗಾಗಿ ಕೆಸರು, ಮಣ್ಣಿನ ಸ್ಯಾಂಪಲಲ್ಲಿ ಇವನ್ನ ಹುಡುಕೋಕೆ ಇದನ್ನೇ ಬಳಸೋದು. ಆದ್ರೆ ಮೀಥೇನ್ ಮಾಡತ್ತೆ ಅಂತ ಅಷ್ಟರಿಂದಲೇ ಹೇಳೋ ಹಾಗಿಲ್ಲ. ಸಮುದ್ರದ ತಳದ ಕೆಸರಲ್ಲಿ ಎಎನ್‌ಎಂಇ ಅನ್ನೋ ಆರ್ಕಿಯಾಗಳಿವೆ, ಇದೇ ಎನ್‌ಜೈಮನ್ನ ಹಿಂದುಮುಂದಾಗಿ ಓಡಿಸಿ ಮೀಥೇನನ್ನ ತಿಂತಾವೆ, ಸಾಮಾನ್ಯವಾಗಿ ಸಲ್ಫೇಟ್ ಬಳಸೋ ಬ್ಯಾಕ್ಟೀರಿಯಾ ಜೊತೆ ಗಂಟುಕಟ್ಟಿಕೊಂಡು. ಅದಕ್ಕೇ ಜೀನ್ ಸಿಕ್ಕಿದ ಮೇಲೂ ಬೆಳೆಸಿ, ಗ್ಯಾಸ್ ಅಳೆದು ನೋಡ್ಲೇಬೇಕು.