'ಟಂಗ್ ವೆಯ್ಟ್'ಗೆ 'ಮೂಕಿಭಾರ' ಎನ್ನಬಹುದೆ?

ಮಿತ್ರರೆ,

ಟೆಕ್ಸಾಸ್‌ನಲ್ಲಿರುವ ಅಕ್ಕನ ಮಗ ಟ್ರಾವೆಲ್ ಟ್ರೇಲರ್ ಕೊಳ್ಳಲು ಹೊರಟಿದ್ದಾನೆ. ಒಳಗೆ ಮಂಚ, ಒಲೆ, ಬಚ್ಚಲು ಎಲ್ಲ ಇರುವ, ಪಿಕಪ್‌ನ ಹಿಂದೆ ಕಟ್ಟಿಕೊಂಡು ಊರೂರು ಸುತ್ತುವ ಗಾಡಿ. ವಿವರಗಳನ್ನು ನನಗೆ ಕಳಿಸಿ, ಅಪ್ಪನಿಗೆ ಕನ್ನಡದಲ್ಲಿ ತಿಳಿಸಿ ಎಂದ. ಭಾವ ಮಂಡ್ಯದ ಪಕ್ಕದ ಹಳ್ಳಿಯವರು. ಮೈಷುಗರ್ ಸಕ್ಕರೆ ಕಾರ್ಖಾನೆಗೆ ಎತ್ತಿನ ಗಾಡಿಯಲ್ಲಿ ಕಬ್ಬು ಸಾಗಿಸಿ ಪಳಗಿದವರು.

ತೊಡಕಾದದ್ದು 'ಟಂಗ್ ವೆಯ್ಟ್' ಬಂದಾಗ. ಟ್ರೇಲರ್‌ನ ಮುಂದಕ್ಕೆ ಚಾಚಿದ ಭಾಗ ಪಿಕಪ್‌ನ ಕೊಂಡಿಯ ಮೇಲೆ ಊರುವ ಭಾರ ಅದು. ಸಾಮಾನು ತುಂಬಿದ ಟ್ರೇಲರ್‌ನ ತೂಕದಲ್ಲಿ ಶೇ 10ರಿಂದ 15ರಷ್ಟು ಇರಬೇಕು. ಕಡಿಮೆಯಾದರೆ ವೇಗದಲ್ಲಿ ಟ್ರೇಲರ್ ಅತ್ತಿತ್ತ ಓಲಾಡತೊಡಗುತ್ತದೆ. ಹೆಚ್ಚಾದರೆ ಪಿಕಪ್‌ನ ಹಿಂಭಾಗ ಕುಸಿದು ಮುಂದಿನ ಚಕ್ರಗಳ ಹಿಡಿತ ಸಡಿಲವಾಗುತ್ತದೆ. ನಾನು ಜಾಣತನದಿಂದ 'ನಾಲಗೆ ಭಾರ' ಎಂದು ಬರೆದಿದ್ದೆ. "ಇದೇನಪ್ಪ, ಗಾಡಿಗೆ ನಾಲಗೆ ಊದಿಕೊಂಡಿದೆಯೆ?" ಎಂದರು ಭಾವ.

ಚಿತ್ರ ತೋರಿಸಿದೆ. "ಇದು ಮೂಕಿಯಲ್ಲವೆ!" ಎಂದವರೇ ಜಗುಲಿಯಿಂದ ಎದ್ದು, ಎರಡೂ ಅಂಗೈಗಳನ್ನು ಮೇಲೆ ಮಾಡಿ ಇಲ್ಲದ ನೊಗವೊಂದನ್ನು ಎತ್ತಿದರು. ಮೂಕಿಯೆಂದರೆ ಎತ್ತಿನ ಗಾಡಿಯಿಂದ ಮುಂದಕ್ಕೆ ಚಾಚಿದ, ತುದಿಗೆ ನೊಗ ಕಟ್ಟುವ ಮರ. ಕಬ್ಬು ಹೇರಿದ ಮೇಲೆ, ಎತ್ತು ಕಟ್ಟುವ ಮೊದಲು ಹೀಗೆ ಎತ್ತಿ ನೋಡುತ್ತಿದ್ದರಂತೆ. ಹಿಂದಕ್ಕೆ ಹೇರಿದ್ದರೆ ಮೂಕಿ ತಾನೇ ಮೇಲೇಳುತ್ತದೆ, ಎತ್ತಿನ ಕೊರಳಿಗೆ ಹಗ್ಗ ಬಿಗಿಯುತ್ತದೆ. ಮುಂದಕ್ಕೆ ಹೇರಿದ್ದರೆ ಹೆಗಲು ಹುಣ್ಣಾಗುತ್ತದೆ. ಮೂರು ಪುಟದಲ್ಲಿ ನಾನು ಒದ್ದಾಡಿದ್ದನ್ನು ಅವರು ಖಾಲಿ ಕೈಯಲ್ಲಿ ಮುಗಿಸಿದರು. ಆದ್ದರಿಂದ 'ಮೂಕಿಭಾರ' ಎಂದು ತಿದ್ದಿದ್ದೇನೆ. ಮರದ ಮೂಕಿಯ ಹೆಸರನ್ನು ಕಬ್ಬಿಣದ ಚೌಕಟ್ಟಿಗೆ ಕೊಡುವುದರಲ್ಲಿ ನನಗೆ ತಪ್ಪು ಕಾಣುವುದಿಲ್ಲ.

ಇನ್ನೊಂದು ಪದವೂ ಅವರ ಬಾಯಿಂದಲೇ ಬಂತು. ಹುಡುಗನ ಪಿಕಪ್ 3,200 ಕಿಲೋ ಎಳೆಯಬಲ್ಲದು ಎಂದು ಮಾರುವವರು ಹೇಳಿದ್ದರು. ಟ್ರೇಲರ್ ತುಂಬಿದರೆ 2,400 ಕಿಲೋ. ಸಲೀಸು ಎನ್ನಿಸುತ್ತದೆ. ಆದರೆ ಚಾಲಕನ ಬಾಗಿಲ ಬಳಿಯ ಚೀಟಿಯಲ್ಲಿ, ಜನ, ಸಾಮಾನು ಸೇರಿ 550 ಕಿಲೋ ಮೀರಬಾರದು ಎಂದಿದೆ. ನಾಲ್ವರು 280, ಸಾಮಾನು 60, ಮೂಕಿಭಾರ ಸುಮಾರು 300: ಒಟ್ಟು 640. "ಎಳೆಯುವುದು ಬೇರೆ, ಹೊರುವುದು ಬೇರೆ" ಎಂದರು ಭಾವ. ಹಾಗಾಗಿ 'ಪೇಲೋಡ್'ಗೆ 'ಹೊರೆಮಿತಿ' ಎಂದು ಬರೆದೆ. ಸಾಮಾನು ತುಂಬದ ಟ್ರೇಲರ್‌ನ ತೂಕವಾದ 'ಡ್ರೈ ವೆಯ್ಟ್' ಅನ್ನು 'ಒಣತೂಕ' ಮಾಡಿದರೆ ಒಣಮೆಣಸಿನಕಾಯಿಯ ನೆನಪಾಗುತ್ತದೆ. ಕಬ್ಬಿನ ತೂಕದ ಲೆಕ್ಕದಂತೆ 'ಬರಿಗಾಡಿ ತೂಕ' ಸಾಕು.

ನಾನು ಸಿಕ್ಕಿಬಿದ್ದಿರುವುದು 'ಟೋ ವೆಹಿಕಲ್'ನಲ್ಲಿ, ಅಂದರೆ ಟ್ರೇಲರ್ ಎಳೆಯುವ ಪಿಕಪ್‌ನಂಥ ವಾಹನದ ಹೆಸರಿನಲ್ಲಿ. 'ಎಳೆಬಂಡಿ' ಎಂದರೆ ಎಳೆಯುವ ಬಂಡಿಯೋ, ಎಳೆಸಿಕೊಳ್ಳುವ ಬಂಡಿಯೋ? 'ಸುಡುಬಿಸಿಲು' ಸುಡುವ ಬಿಸಿಲು; 'ಕುಡಿನೀರು' ಮಾತ್ರ ತಾನೇ ಏನನ್ನೋ ಕುಡಿಯುವ ನೀರಲ್ಲ, ನಾವು ಕುಡಿಯುವಂಥದ್ದು. ಕನ್ನಡ ಎರಡಕ್ಕೂ ಒಂದೇ ಅಚ್ಚು ಬಳಸುತ್ತದೆ. ಸಾಲದ್ದಕ್ಕೆ, ಮದ್ದೂರಿನ ಎಳನೀರು ಕುಡಿದು ಬೆಳೆದವರಿಗೆ 'ಎಳೆಬಂಡಿ' ಎಂದರೆ ಇನ್ನೂ ಬಲಿಯದ ಬಂಡಿಯಂತೆ ಕೇಳಿಸುತ್ತದೆ. 'ಎಳೆಯುವ ವಾಹನ' ಸ್ಪಷ್ಟ, ಆದರೆ ಪುಟಕ್ಕೆ ಹತ್ತು ಸಲ ಬರೆಯಲು ಉದ್ದ. 'ಜಗ್ಗುಬಂಡಿ'ಗೂ ಅದೇ ಗೊಂದಲ.

'ಕ್ಯಾರವಾನ್' ಬೇಡವೆಂದು ಬಿಟ್ಟಿದ್ದೇನೆ. ನಮ್ಮಲ್ಲಿ ಅದು ಚಿತ್ರೀಕರಣದ ವೇಳೆ ನಟರು ಕೂರುವ ಬಸ್ಸಾಗಿಬಿಟ್ಟಿದೆ.

'ಟೋ ವೆಹಿಕಲ್'ಗೆ ಚಿಕ್ಕ ಪದವಿದ್ದರೆ ತಿಳಿಸಿ. ಹಾಗೆಯೇ, ಗಾಡಿಯ ಮೂಕಿಗೆ ನಿಮ್ಮ ಕಡೆ ಬೇರೆ ಹೆಸರಿದೆಯೆ? ಹೇರು ಹಿಂದಕ್ಕೆ ವಾಲಿ ಮೂಕಿ ಏಳುವುದಕ್ಕೇ ಒಂದು ಪದವಿದ್ದರಂತೂ ಅದು ನನಗೆ ಇಂದೇ ಬೇಕು. ಹುಡುಗ ಬರುವ ವಾರ ಮುಂಗಡ ಕೊಡುವವನಿದ್ದಾನೆ.