ಗ್ರೌಂಡಲ್ಲಿ ರಿಂಗ್ ಒಳಗೆ ಬೀಳೋ ಫ್ಲೈ, ಹೊಳೇಲಿ ಮರ ಹತ್ತುತ್ತೆ! ನನ್ನ ಕಾಸ್ಟಿಂಗ್ ಕೋರ್ಸಲ್ಲಿ ಏನು ತಪ್ಪಿದೆ?

ಯಲಹಂಕ_ಗಾಳ:
ಎಲ್ಲರಿಗೂ ನಮಸ್ಕಾರ. ಮೂರು ತಿಂಗಳಿಂದ ಇದರ ಹಿಂದೆ ಬಿದ್ದು ತಲೆ ಕೆಟ್ಟೋಗಿದೆ. ನಮ್ಮ ಎಂಟು ಜನರ ಗುಂಪಿಗೆ ಅಂತ ಒಂದು ಫ್ಲೈ ಕಾಸ್ಟಿಂಗ್ (ಫ್ಲೈ ಅಂದ್ರೆ ಕೊಕ್ಕೆಗೆ ಪುಕ್ಕ, ದಾರ ಸುತ್ತಿದ ಹುಸಿ ಹುಳ, ಅದನ್ನ ಲೈನಿನ ತೂಕದಿಂದ್ಲೇ ಎಸೆಯೋದು) ಕೋರ್ಸ್ ಮಾಡಿದೀನಿ, ಸುಮ್ನೆ ದೂರ ಎಸೆಯೋ ಸ್ಪರ್ಧೆ ಅಲ್ಲ, ಹೊಳೇಲಿ ಎದುರಾಗೋ ಸಂದರ್ಭಗಳನ್ನೇ ಇಟ್ಟು ಐದು ಸ್ಟೇಷನ್. ಕೊಂಬೆ ಕೆಳಗೆ ಸೈಡ್ ಆರ್ಮ್, ಬಲಗಡೆಯಿಂದ ಗಾಳಿ ಬಂದಾಗ, ಬಂಡೆ ಹಿಂದಿನ ಮಡು, ಹೀಗೆ. ಎಲ್ಲದಕ್ಕೂ 30 ಇಂಚಿನ ರಿಂಗ್. ಗ್ರೌಂಡಲ್ಲಿ ಹತ್ತಕ್ಕೆ ಎಂಟು ಹಾಕ್ತಾರೆ ನಮ್ಮ ಹುಡುಗರು. ಹೋದ ವಾರ ಪರ್ಮಿಟ್ ತಗೊಂಡು ಕೊಡಗಿನ ಕಡೆ ಹೋದ್ವಿ ನೋಡಿ, ಎರಡು ದಿನ ಪೂರ್ತಿ ಒಬ್ಬರೂ ನೆಟ್ಟಗೆ ಒಂದು ಕಾಸ್ಟ್ ಹಾಕಿಲ್ಲ. ನನ್ನದೇ ಮೂರು ಫ್ಲೈ ಮತ್ತಿ ಮರದ ಕೊಂಬೇಲಿ ನೇತಾಡ್ತಿದೆ ಈಗಲೂ. ಎಲ್ಲಿ ತಪ್ಪಾಗ್ತಿದೆ ಹೇಳಿ ಪ್ಲೀಸ್.

ಎಂಟು_ವೇಟ್:
ರಾಡ್ ಎಷ್ಟು ವೇಟ್, ಲೈನ್ ಎಷ್ಟು ವೇಟ್ ಅಂತಾನೇ ಬರೆದಿಲ್ವಲ್ಲ ಗುರು. 5 ವೇಟ್ ಲೈನ್ ಅಂದ್ರೆ ಮೊದಲ 30 ಅಡಿಯ ತೂಕ 140 ಗ್ರೇನ್, 8 ವೇಟ್ ಅಂದ್ರೆ 210. ಗ್ರೌಂಡಲ್ಲಿ ಒಂದು, ಹೊಳೇಲಿ ಇನ್ನೊಂದು ಹಿಡಿದ್ರೆ ಟೈಮಿಂಗ್ ಪೂರ್ತಿ ಬದಲಾಗುತ್ತೆ. ನೂರಕ್ಕೆ ನೂರು ಲೈನ್ ಸಮಸ್ಯೆ ಇದು.

ಯಲಹಂಕ_ಗಾಳ:
ಎರಡು ಕಡೆನೂ 8 ವೇಟೇ ಸಾರ್, ಅದೇ ರಾಡ್ ಅದೇ ಲೈನ್.

ಎಂಟು_ವೇಟ್:
ಹಾಗಾದ್ರೆ ಲೈನ್ ಹಳೇದಾಗಿರುತ್ತೆ. ಸೋಪ್ ನೀರಲ್ಲಿ ತೊಳೆದು ಒರೆಸಿ ನೋಡಿ. ನಾನು ವರ್ಷಕ್ಕೊಂದು ಲೈನ್ ಬದಲಾಯಿಸ್ತೀನಿ.

ಜಿಲೇಬಿ_ಮೀನು:
30 ಇಂಚಿನ ರಿಂಗ್‌ಗೆ ಯಾಕೆ ದುಡ್ಡು ಹಾಕ್ತೀರಾ, ಹಳೇ ಸೈಕಲ್ ಟೈರ್ ಸಾಕು, ಪಂಕ್ಚರ್ ಅಂಗಡೀಲಿ ಸುಮ್ನೆ ಕೊಡ್ತಾರೆ.

ಎಂಟು_ವೇಟ್:
ಟೈರ್ ಕಪ್ಪು, ಹುಲ್ಲಲ್ಲಿ ಕಾಣಲ್ಲ. ಹೂಲಾ ಹೂಪೇ ಸರಿ.

ಜಿಲೇಬಿ_ಮೀನು:
ಸುಣ್ಣ ಬಳೀರಿ ಕಾಣುತ್ತೆ! ಹೊಳೇಲಿ ಮೀನೇನು ಹಳದಿ ಹೂಪ್ ಹಾಕ್ಕೊಂಡು ನಿಂತಿರುತ್ತಾ?

ಹೊಳೆಮತ್ತಿ:
ಟೈರ್ ವಿಷಯ ಬಿಡ್ರಪ್ಪಾ. ಯಲಹಂಕ ಅವರೇ, ಮೂರು ಪ್ರಶ್ನೆ. ಗ್ರೌಂಡಲ್ಲಿ ಫ್ಲೈ ಬದಲು ಏನು ಕಟ್ತೀರಾ? ರಿಂಗ್‌ಗೆ ಹಾಕೋ ಮುಂಚೆ ಎಷ್ಟು ಫಾಲ್ಸ್ ಕಾಸ್ಟ್ (ಲೈನ್ ಕೆಳಗೆ ಬೀಳಿಸದೆ ಗಾಳೀಲೇ ಹಿಂದೆ ಮುಂದೆ ಬೀಸೋದು) ಮಾಡ್ತಾರೆ? ಕೋರ್ಸಲ್ಲಿ ರೋಲ್ ಕಾಸ್ಟ್ (ಲೈನ್ ಹಿಂದಕ್ಕೆ ಪೂರ್ತಿ ಬೀಸದೆ ಮುಂದಕ್ಕೆ ಉರುಳಿಸೋದು) ಇದ್ಯಾ? ನೀವು ಬರೆದಿರೋದ್ರಲ್ಲಿ ಅದೊಂದೇ ಕಾಣ್ತಿಲ್ಲ.

ಯಲಹಂಕ_ಗಾಳ:
ಕೊಕ್ಕೆ ಇಲ್ಲದೆ ಉಲ್ಲನ್ ದಾರದ ತುಂಡು ಕಟ್ತೀವಿ, ಎಲ್ರೂ ಅದೇ ತಾನೆ ಮಾಡೋದು. ಲೀಡರ್ (ಲೈನ್ ತುದಿಗೆ ಕಟ್ಟೋ ತೆಳು ದಾರ) ಹುಲ್ಲಿಗೆ ಸಿಕ್ಕಾಕೊಳ್ಳುತ್ತೆ ಅಂತ 4 ಅಡಿಗೆ ಕಟ್ ಮಾಡಿದೀನಿ. ಫಾಲ್ಸ್ ಕಾಸ್ಟ್‌ಗೆ ಲಿಮಿಟ್ ಇಲ್ಲ, ಅಳತೆ ಸಿಗೋವರೆಗೂ ಮಾಡ್ತಾರೆ. ರೋಲ್ ಕಾಸ್ಟ್ ಆರನೇ ಸ್ಟೇಷನ್ ಆಗಿತ್ತು, ಯಾರಿಗೂ ಬರ್ಲಿಲ್ಲ, ಲೈನ್ ಕಾಲ ಹತ್ರಾನೇ ಗುಡ್ಡೆ ಬೀಳ್ತಿತ್ತು, ಅದಕ್ಕೆ ತೆಗೆದುಬಿಟ್ಟೆ. ಇದನ್ನೆಲ್ಲಾ ಹೇಳ್ಬೇಕು ಅಂತ ಅನ್ನಿಸ್ಲೇ ಇಲ್ಲ.

ಹೊಳೆಮತ್ತಿ:
ಸಿಕ್ತಲ್ಲ! ನಿಮ್ಮ ಹುಡುಗರಿಗೆ ರೋಲ್ ಕಾಸ್ಟ್ ಬರಲ್ಲ ಅಂತಲ್ಲ, ಹುಲ್ಲಿಗೆ ಬರಲ್ಲ. ನೀರಲ್ಲಿ ಲೈನ್ ಅಂಟಿಕೊಂಡು ಹಿಡಿಯುತ್ತೆ, ಆ ಹಿಡಿತದಿಂದಾನೇ ರಾಡ್ ಬಗ್ಗೋದು. ಹುಲ್ಲಲ್ಲಿ ಜಾರಿಬಿಡುತ್ತೆ. ಪರೀಕ್ಷೆ ಬರೆಯೋ ಮಕ್ಕಳು ಒಯ್ತಾರಲ್ಲ ಕ್ಲಿಪ್ ಇರೋ ರೈಟಿಂಗ್ ಪ್ಯಾಡ್, ಅದನ್ನ ಮುಂದೆ 25-30 ಅಡಿ ದೂರ ನೆಲದ ಮೇಲಿಟ್ಟು, ಮೇಲೊಂದು ಕಲ್ಲು ಹೇರಿ, ಲೀಡರ್ ತುದಿ ಕ್ಲಿಪ್‌ಗೆ ಮೆಲ್ಲಗೆ ಕಚ್ಚಿಸಿ. ಈಗ ರಾಡ್ ನಿಧಾನವಾಗಿ ಹಿಂದಕ್ಕೆ ತನ್ನಿ, ಲೈನ್ ಭುಜದ ಹಿಂದೆ ಹೊಟ್ಟೆ ಹಾಗೆ ಇಳಿಬಿದ್ದು ನಿಲ್ಲಲಿ, ಆಮೇಲೆ ಮುಂದಕ್ಕೆ ಹೊಡೀರಿ. ಲೂಪ್ (ಲೈನಿನ ಮಡಿಕೆ) ಉರುಳಿಕೊಂಡು ಹೋಗಿ ಕ್ಲಿಪ್‌ನಿಂದ ಟಪ್ ಅಂತ ಬಿಚ್ಚಿಕೊಳ್ಳುತ್ತೆ. ಕಾವೇರಿ ದಡದಲ್ಲಿ ಹಿಂದೆ ಹತ್ತಡಿ ಜಾಗ ಇರಲ್ಲ ಸಾರ್, ಅಲ್ಲಿ ರೋಲ್ ಕಾಸ್ಟ್ ಬಿಟ್ಟು ಬ್ಯಾಕ್ ಕಾಸ್ಟ್ ಮಾಡಿದ್ರೆ ಫ್ಲೈ ಮರಕ್ಕಲ್ದೆ ಇನ್ನೆಲ್ಲಿಗೆ ಹೋಗುತ್ತೆ?

ಇನ್ನೊಂದು, ಅಳತೆ ಸಿಗೋವರೆಗೂ ಹಾಕೋ ಅವಕಾಶ ಹೊಳೆ ಕೊಡಲ್ಲ. ಕೆರೇಲಿ ಮುರ್ರೆಲ್ ಮೀನು ನೋಡಿದೀರಲ್ಲ, ಗಾಳಿ ಕುಡಿಯೋಕೆ ಮೇಲೆ ಬರುತ್ತೆ, ಗುಳುಕ್ ಅಂತ ಒಂದು ಸದ್ದು, ಒಂದು ಉಂಗುರ, ಅಷ್ಟೇ. ಅಲ್ಲಿಗೆ ಹಾಕಿದ ಮೊದಲ ಕಾಸ್ಟೇ ಲೆಕ್ಕ. ಒಂದು ಸ್ಟೇಷನ್ ಹೀಗೆ ಮಾಡಿ: ಫ್ಲೈ ಎಡಗೈಲಿ, ರಾಡ್ ತುದಿಯಿಂದ 15 ಅಡಿ ಲೈನ್ ಆಚೆ, ಉಳಿದಿದ್ದು ಕಾಲ ಹತ್ರ, ಸುತ್ತ ಒಣಗಿದ ಕಡ್ಡಿ ಎಲೆ ಚೆಲ್ಲಿ. ಹಿಂದಿನಿಂದ ಒಬ್ಬರು "ಎಡಕ್ಕೆ, 35 ಅಡಿ" ಅಂತ ಕೂಗ್ಲಿ. ಎರಡೇ ಫಾಲ್ಸ್ ಕಾಸ್ಟ್, ಮೂರನೇದಕ್ಕೆ ಬೀಳ್ಬೇಕು. ಎರಡನೇ ಚಾನ್ಸ್ ಇಲ್ಲ.

ರಾಗಿಮುದ್ದೆ_ಗಾಳ:
ಭೀಮೇಶ್ವರಿ, ಗಾಲಿಬೋರೆಯಲ್ಲಿ ಗಾಳ ಹಾಕೋಕೆ ಬಿಡ್ತಿದ್ದ ಕಾಲದಲ್ಲಿ ರಾಗಿ ಮುದ್ದೆ ಕಟ್ಟಿ ಎಂಥೆಂಥ ಬಿಳಿಮೀನು (ಮಹಸೀರ್) ಎತ್ತಿದೀವಿ. ಈ ರಿಂಗು ಕ್ಲಿಪ್ಪು ಯಾವುದೂ ಇರ್ಲಿಲ್ಲ. ನನ್ನ ಹತ್ರ ಅವಾಗಿನ ರೀಲ್ ಇನ್ನೂ ಇದೆ, ಎಣ್ಣೆ ಹಾಕಿ ಇಟ್ಟಿದೀನಿ, ತಿರುಗಿಸಿದ್ರೆ ಈಗಲೂ ಬೆಣ್ಣೆ ಹಂಗೆ ತಿರುಗುತ್ತೆ. ಜೊತೆಗೆ 12 ಅಡಿ ರಾಡು, ಮಗನಿಗೂ ಮುಟ್ಟೋಕೆ ಬಿಡಲ್ಲ.

ಜಿಲೇಬಿ_ಮೀನು:
ಅಣ್ಣಾ, ಕಾವೇರಿಯ ಆ ಡುಬ್ಬದ ಮಹಸೀರ್ ಈಗ ಅಳಿವಿನ ಅಂಚಲ್ಲಿದೆ, 2018ರಲ್ಲಿ ಕೆಂಪು ಪಟ್ಟಿಗೆ ಸೇರಿದೆ. ಎತ್ತಿದ್ದನ್ನ ಹೇಳ್ಕೊಳ್ಳೋದು ಬೇಡ.

ರಾಗಿಮುದ್ದೆ_ಗಾಳ:
ಎತ್ತಿದೀವಿ ಅಂದ್ರೆ ತಿಂದ್ವಿ ಅಂತಲ್ಲಪ್ಪ, ತೂಕ ನೋಡಿ ಅಲ್ಲೇ ಬಿಟ್ಟಿದೀವಿ.

ಹೊಳೆಮತ್ತಿ:
ಮುಳ್ಳಿಲ್ಲದ ಕೊಕ್ಕೆ ಹಾಕಿ, ಕೈ ಒದ್ದೆ ಮಾಡ್ಕೊಂಡು ಬಿಡಿ, ಆ ಚರ್ಚೆಗೆ ಬೇರೆ ಥ್ರೆಡ್ ತೆಗೀರಿ. ಮರಿ ಕಾಯ್ತಿರೋ ಮುರ್ರೆಲ್ ಕಂಡ್ರಂತೂ ಫ್ಲೈ ಹಾಕ್ಲೇಬೇಡಿ.

ಎಂಟು_ವೇಟ್:
ನಾನು ಇನ್ನೂ ಲೈನ್ ಅಂತಾನೇ ಹೇಳ್ತೀನಿ. 4 ಅಡಿ ಲೀಡರ್ ಅಂದ್ರೆ ಲೈನ್ ಸಮಸ್ಯೆನೇ ಅಲ್ವಾ ಒಂದು ಲೆಕ್ಕಕ್ಕೆ. ಹೊಳೇಲಿ 9 ಅಡಿ ಲೀಡರ್, ತುದೀಲಿ ಕ್ಲೌಸರ್ ಅನ್ನೋ ತೂಕದ ಫ್ಲೈ. ಅದು ಉಲ್ಲನ್ ದಾರದ ಹಾಗೆ ಹಾರಲ್ಲ, ಲೂಪ್ ಅಗಲ ಮಾಡ್ಬೇಕು, ಹಿಂದೆ ಪೂರ್ತಿ ಬಿಚ್ಚೋವರೆಗೂ ಕಾಯ್ಬೇಕು. ಆತುರಕ್ಕೆ ಜೋರಾಗಿ ಎಳೆದ್ರೆ ಟೇಲಿಂಗ್ ಲೂಪ್ ಬಂದು, ಅಂದ್ರೆ ಲೈನ್ ತನ್ನ ಮೇಲೇ ಅಡ್ಡ ಹಾಯ್ದು, ಗಂಟು ಗ್ಯಾರಂಟಿ.

ಹೊಳೆಮತ್ತಿ:
ಇದು ಸರಿಯಾದ ಮಾತು. ಹಳೇ ಕ್ಲೌಸರ್ ತಗೊಂಡು ಕೊಕ್ಕೆ ಬಾಗಿದ ಕಡೆ ಕಟಿಂಗ್ ಪ್ಲೇಯರಲ್ಲಿ ಕತ್ತರಿಸಿ ಅದನ್ನೇ ಕಟ್ಟಿ. ಟೋಪಿ, ಕನ್ನಡಕ ಇಲ್ಲದೆ ಯಾರನ್ನೂ ನಿಲ್ಲಿಸ್ಬೇಡಿ, ಆ ತೂಕ ಕಣ್ಣಿಗೆ ಬಿದ್ರೆ ಕಣ್ಣು ಹೋಗುತ್ತೆ.

ಯಲಹಂಕ_ಗಾಳ:
ಇವತ್ತು ಬೆಳಿಗ್ಗೆ ಆರೂವರೆಗೆ, ಕ್ರಿಕೆಟ್ ಹುಡುಗರು ಬರೋ ಮುಂಚೆ ಎಲ್ಲಾ ಟ್ರೈ ಮಾಡಿದ್ವಿ. ರೈಟಿಂಗ್ ಪ್ಯಾಡ್ ತಂತ್ರ ಅದ್ಭುತ ಸಾರ್, ನಾಲ್ಕನೇ ಸಲಕ್ಕೇ ಲೂಪ್ ಉರುಳಿಕೊಂಡು ಹೋಗಿದ್ದು ನೋಡಿ ಎಲ್ರೂ ಕೂಗಿಬಿಟ್ಟರು. ಆದ್ರೆ ಮೊದಲ ಕಾಸ್ಟ್ ಮಾತ್ರ ಲೆಕ್ಕ ಅಂದಾಗ, ಹತ್ತಕ್ಕೆ ಎಂಟು ಹಾಕ್ತಿದ್ದವನು ಎರಡು ಹಾಕಿದ. ನಾನು ಒಂದು. ಅಲ್ಲಿಗೆ ನನ್ನ ಹಳೇ ಕೋರ್ಸ್ ಏನು ಅಳೀತಿತ್ತು ಅಂತ ಗೊತ್ತಾಯ್ತು. ಸ್ಕೋರ್ ಶೀಟ್ ಪೂರ್ತಿ ಹೊಸದಾಗಿ ಬರೀತಿದೀನಿ.

ಒಂದು ಮಾತ್ರ ಉಳಿದಿದೆ. ಲೈನ್ ಗಾಳೀಲಿರುವಾಗಲೇ ರಾಡ್ ಪಕ್ಕಕ್ಕೆ ಚಾಚೋ ರೀಚ್ ಕಾಸ್ಟ್ ಹುಲ್ಲಲ್ಲೂ ಆಗುತ್ತೆ, ನೀರಿಗೆ ಬಿದ್ದ ಮೇಲೆ ಮೆಂಡ್ ಮಾಡೋದು (ಹರಿವು ಫ್ಲೈನ ಎಳೀದ ಹಾಗೆ ಲೈನ್ ಎತ್ತಿ ಪಕ್ಕಕ್ಕೆ ಹಾಕೋದು) ಹೆಂಗೆ ಕಲಿಸೋದು? ಯಾರದಾದ್ರೂ ತೋಟದಲ್ಲಿ ಕೃಷಿ ಹೊಂಡ ಇದ್ರೆ ಹೇಳಿ, ಕೇಳ್ಕೊಂಡೇ ಬರ್ತೀವಿ.

ಜಿಲೇಬಿ_ಮೀನು:
ಹೊಂಡದಲ್ಲಿ ನೀರು ಹರಿಯಲ್ವಲ್ಲ, ಮೆಂಡ್ ಯಾಕೆ ಬೇಕು ಅಲ್ಲಿ? ನಮ್ಮ ಮಾವನ ಊರು ಮಂಡ್ಯ ಹತ್ರ, ಗದ್ದೆ ಪಕ್ಕ ಸಣ್ಣ ನಾಲೆ ಇದೆ, ಮೊಣಕಾಲು ನೀರು. ಅವರನ್ನ ಕೇಳಿ ಹೇಳ್ತೀನಿ. ಟೈರ್ ನಾನೇ ತರ್ತೀನಿ.