‘ಸಬಿ’ ಅಂದರೆ ಪಲ್ಲವಿಯೇ? ಜಪಾನಿ ಧಾರಾವಾಹಿ, ಹಾಡುಗಳ ಬಗ್ಗೆ ಕೆಲವು ಪದಪ್ರಶ್ನೆಗಳು

ಬಳಗದವರಿಗೆ ನಮಸ್ಕಾರ.

ಒಂದು ಪದ ಬೇಕಾಗಿದೆ. ಅದರ ಬೆನ್ನಿಗೇ ಇನ್ನೂ ಮೂರ್ನಾಲ್ಕು ಕೇಳುವವಳಿದ್ದೇನೆ, ಬೇಸರ ಮಾಡಿಕೊಳ್ಳಬೇಡಿ.

ನಾನು ಜಪಾನಿ ಟಿವಿ ಧಾರಾವಾಹಿಗಳ ಹುಚ್ಚು ಹತ್ತಿಸಿಕೊಂಡವಳು. ಅನಿಮೆ ಅಲ್ಲ, ಮನುಷ್ಯರು ನಟಿಸುವ ಧಾರಾವಾಹಿಗಳು. ಅವುಗಳ ಬಗ್ಗೆ, ಅವುಗಳ ಜೊತೆ ಬಿಡುಗಡೆಯಾಗುವ ಹಾಡುಗಳ ಬಗ್ಗೆ ಕನ್ನಡದಲ್ಲೇ ಬರೆಯಬೇಕು ಅಂತ ಹೊರಟಿದ್ದೇನೆ. ಕಥೆ ಹೇಳುವುದಕ್ಕೆ ಕನ್ನಡ ಧಾರಾಳವಾಗಿ ಒದಗಿ ಬರುತ್ತದೆ. ಹಾಡಿನ ವಿಷಯಕ್ಕೆ ಬಂದ ಕೂಡಲೇ ತೊಡಕು ಶುರು.

ಮೊದಲ ತೊಡಕು ‘ಸಬಿ’. ಜಪಾನಿ ಪಾಪ್ ಹಾಡಿನ ಭಾಗಗಳಿಗೆ ಅಲ್ಲಿಯವರು ಇಟ್ಟ ಹೆಸರುಗಳು ಹೀಗಿವೆ: ಮೊದಲು ಬರುವುದು ಎ-ಮೆರೊ, ತಗ್ಗಿದ ದನಿಯಲ್ಲಿ ಹೇಳಿಕೊಂಡು ಹೋಗುವ ಭಾಗ. ಆಮೇಲೆ ಬಿ-ಮೆರೊ, ಸ್ವಲ್ಪ ಬಿಗಿಯಾಗಿ ಮೇಲಕ್ಕೆ ಹತ್ತುವ ಭಾಗ. ಅದು ಹತ್ತಿ ತಲುಪುವ ಜಾಗವೇ ಸಬಿ. ನಾವು ಕೇಳಿದ ಮೇಲೆ ದಿನವಿಡೀ ಗುನುಗುವುದು ಅದನ್ನೇ. ಈ ಪದ ಎಲ್ಲಿಂದ ಬಂತು ಅನ್ನುವುದಕ್ಕೆ ಅವರಲ್ಲೇ ಒಮ್ಮತವಿಲ್ಲ. ವಸಾಬಿ ಅನ್ನುವ ಖಾರದ ವ್ಯಂಜನದ ಹಾಗೆ ನೆತ್ತಿಗೆ ಏರುತ್ತದೆ, ಅದಕ್ಕೇ ಆ ಹೆಸರು ಅನ್ನುವವರೂ ಇದ್ದಾರೆ. ನಿಜವೋ ಸುಳ್ಳೋ, ಕೇಳುವುದಕ್ಕಂತೂ ಚೆನ್ನಾಗಿದೆ.

ಯಾರನ್ನು ಕೇಳಿದರೂ ತಕ್ಷಣ ಬರುವ ಉತ್ತರ ‘ಪಲ್ಲವಿ ಅಂತ ಬರೀರಿ’ ಎಂದು. ನನಗೆ ಅದು ಒಪ್ಪಿಗೆಯಾಗುತ್ತಿಲ್ಲ. ಪಲ್ಲವಿ ನಾವು ಹೊರಡುವ ಜಾಗ. ದಾಸರ ಪದ ಇರಲಿ, ಸಿನಿಮಾ ಹಾಡಿರಲಿ, ಹಾಡುವವರು ಬಾಯಿ ತೆರೆದ ಕೂಡಲೇ ಬರುವುದು ಪಲ್ಲವಿ. ಅಲ್ಲಿಂದ ಚರಣಕ್ಕೆ ಹೋಗುತ್ತೇವೆ, ಮತ್ತೆ ಮನೆಗೆ ಬರುತ್ತೇವೆ. ಸಬಿ ಹಾಗಲ್ಲ. ಅದು ಕಾಯಿಸಿ ಕಾಯಿಸಿ ಕೊನೆಗೆ ಕೊಡುವಂಥದ್ದು. ಹಾಡು ಸಬಿಯಿಂದಲೇ ಶುರುವಾದರೆ ಅದಕ್ಕೆ ಜಪಾನಿನವರು ಬೇರೆಯದೇ ಹೆಸರಿಟ್ಟಿದ್ದಾರೆ: ‘ಅತಮ-ಸಬಿ’. ಅತಮ ಅಂದರೆ ತಲೆ. ನಮ್ಮಲ್ಲಿ ಮಾಮೂಲಿಯಾಗಿರುವುದು ಅವರಲ್ಲಿ ವಿಶೇಷ ಹೆಸರು ಬೇಡುವಂಥದ್ದು! ಹೀಗಿರುವಾಗ ಪಲ್ಲವಿ ಅಂತ ಬರೆದುಬಿಟ್ಟರೆ ಓದುವವರು ಹಾಡನ್ನು ತಲೆಕೆಳಗಾಗಿ ಕಲ್ಪಿಸಿಕೊಳ್ಳುತ್ತಾರೆ ಅಲ್ವಾ?

ಇದು ಬರೀ ಪದದ ಹಟ ಅಲ್ಲ. ಧಾರಾವಾಹಿಯಲ್ಲಿ ಹಾಡು ಎಲ್ಲಿ ಬರುತ್ತದೆ ಅನ್ನುವುದೂ ಈ ರಚನೆಗೆ ಗಂಟು ಬಿದ್ದಿದೆ. 2018ರ ‘ಅನ್‌ನ್ಯಾಚುರಲ್’ ತೆಗೆದುಕೊಳ್ಳಿ. ಟಿಬಿಎಸ್ ವಾಹಿನಿಯದು, ನೊಗಿ ಅಕಿಕೊ ಬರೆದದ್ದು. ಅಸಹಜ ಸಾವುಗಳ ಕಾರಣ ಹುಡುಕುವ ಒಂದು ಪ್ರಯೋಗಾಲಯದ ಕಥೆ. ಗಾಯಕ ಯೊನೆಜು ಕೆನ್ಶಿಯ ‘ಲೆಮನ್’ ಹಾಡು ಹುಟ್ಟಿದ್ದು ಇದಕ್ಕಾಗಿ. ಕಂತಿನ ಉದ್ದಕ್ಕೂ ಹೆಣ ಕೊಯ್ಯುವುದು, ರಕ್ತದ ಪರೀಕ್ಷೆ, ವಾದ, ಊಟದ ಮಧ್ಯೆ ಜೋಕು. ಎಲ್ಲ ಮುಗಿಯುವ ಹೊತ್ತಿಗೆ ಸತ್ತವರು ಯಾಕೆ ಸತ್ತರು ಅಂತ ಉಳಿದವರಿಗೆ ಗೊತ್ತಾಗುತ್ತದೆ. ಆಗ ಹಾಡು. ಅದಕ್ಕೆ ಪೀಠಿಕೆಯ ಸಂಗೀತ ಇಲ್ಲ, ನೇರವಾಗಿ ದನಿ. ಎ-ಮೆರೊ ಮಾತಿನ ಕೆಳಗೇ ಹರಿಯುತ್ತಿರುತ್ತದೆ. ಪಾತ್ರಗಳ ಮಾತು ನಿಂತಾಗ ಸಬಿ ಮೇಲೆದ್ದು ಬರುತ್ತದೆ. ಅಲ್ಲಿವರೆಗೆ ತಡೆದುಕೊಂಡವರು ಅಲ್ಲಿ ಅತ್ತುಬಿಡುತ್ತಾರೆ. ನಾನೂ ಅದರಲ್ಲಿ ಒಬ್ಬಳು, ಬಿಡಿ. ಈ ಹಾಡು ಪಲ್ಲವಿಯಿಂದ ಶುರುವಾಗಿದ್ದರೆ ಈ ಲೆಕ್ಕಾಚಾರವೇ ಕೂಡಿ ಬರುತ್ತಿರಲಿಲ್ಲ.

ಹಾಗಾದರೆ ಸಬಿಗೆ ಏನನ್ನೋಣ? ನನ್ನ ತಲೆಯಲ್ಲಿ ಎರಡು ಪದಗಳಿವೆ.

ಒಂದು, ‘ಏರು’. ಯಕ್ಷಗಾನದವರು ಏರುಪದ್ಯ ಅನ್ನುತ್ತಾರಲ್ಲ, ಆ ಏರು. ಚೆಂಡೆಯ ಜೊತೆ ಭಾಗವತರ ದನಿ ಮೇಲೇರುವ ಚಿತ್ರ ಕರಾವಳಿಯವರಿಗೆ ಕೂಡಲೇ ಕಣ್ಣ ಮುಂದೆ ಬರುತ್ತದೆ. ಆದರೆ ಅದರಲ್ಲಿ ವೀರರಸ ಜಾಸ್ತಿ. ‘ಲೆಮನ್’ನಂಥ ಶೋಕದ ಹಾಡಿಗೆ ಯುದ್ಧದ ಬಣ್ಣ ಬಂದುಬಿಡುತ್ತದೋ ಅಂತ ಭಯ. ನಿಜ ಹೇಳಬೇಕೆಂದರೆ ‘ಏರು’ ಅನ್ನುವುದು ಬಿ-ಮೆರೊಗೇ ಚೆನ್ನಾಗಿ ಹೊಂದುತ್ತದೆ. ಹತ್ತುವುದು ಅದರ ಕೆಲಸ.

ಇನ್ನೊಂದು, ‘ಸೊಲ್ಲು’. ಮಾದೇಶ್ವರನ ಕಥೆ ಹಾಡುವ ಕಂಸಾಳೆಯವರಲ್ಲಿ ಮುಂದಿನವರು ಹಾಡುತ್ತಾ ಹೋದರೆ ಹಿಂದಿನವರು ಸೊಲ್ಲು ಹಿಡಿಯುತ್ತಾರೆ. ಜಪಾನಿನ ಗುಂಪುಗಳ ಹಾಡುಗಳನ್ನು ಕೇಳಿದವರಿಗೆ ಇದು ಥಟ್ಟನೆ ಹೊಳೆಯಬೇಕು. ಅರಶಿ ಆಗಲಿ, ಎಕೆಬಿ48 ಆಗಲಿ, ಎ-ಮೆರೊದ ಸಾಲುಗಳನ್ನು ಒಬ್ಬೊಬ್ಬರು ಹಂಚಿಕೊಂಡು ಹಾಡುತ್ತಾರೆ, ಸಬಿ ಬಂದಾಗ ಎಲ್ಲರೂ ಒಟ್ಟಿಗೆ. ಕೊನೆಯ ಸಬಿಗೆ ಮುಂಚೆ ವಾದ್ಯವೆಲ್ಲ ತಗ್ಗಿ, ಒಬ್ಬರೇ ಅದೇ ಸಾಲನ್ನು ಮೆಲ್ಲಗೆ ಹಾಡುವುದುಂಟು. ಅದಕ್ಕೆ ‘ಒಚಿ-ಸಬಿ’ ಅಂತ ಹೆಸರು. ಇದನ್ನು ‘ಒಂಟಿ ಸೊಲ್ಲು’ ಅನ್ನಬಹುದು ಅನಿಸಿ ಖುಷಿಯಾಯಿತು. ಇವತ್ತಿನ ಮಟ್ಟಿಗೆ ನನ್ನ ವೋಟು ಸೊಲ್ಲಿಗೇ. ಆದರೆ ‘ಸೊಲ್ಲೆತ್ತು’, ‘ಸೊಲ್ಲಡಗು’ ಅಂದಾಗ ಅದು ಬರೀ ಮಾತು, ದನಿ ಅನ್ನುವ ಅರ್ಥದಲ್ಲಿದೆ. ಊರಿನವರಿಗೆ ಯಾವ ಅರ್ಥ ಮೊದಲು ಬರುತ್ತದೆ? ಚಾಮರಾಜನಗರ, ಕೊಳ್ಳೇಗಾಲದ ಕಡೆಯವರು ಯಾರಾದರೂ ಹೇಳಿದರೆ ಒಳ್ಳೆಯದು. ನಮ್ಮ ಗಾಂಧಿನಗರದವರು ‘ಹುಕ್‌ಲೈನ್’ ಅಂತಾರೆ, ಗೊತ್ತು. ಅದು ಒಂದು ಸಾಲಿಗಷ್ಟೇ ಸಲ್ಲುವ ಮಾತು. ಸಬಿ ಅಂದರೆ ಇಡೀ ಒಂದು ಖಂಡ.

ಎರಡನೆಯ ಪ್ರಶ್ನೆ ಧಾರಾವಾಹಿಯ ಹಾಡಿಗೆ ಸೇರಿದ್ದು. ಜಪಾನಿಯಲ್ಲಿ ‘ಶುದಾಯ್‌ಕ’ ಅಂತ ಒಂದಿದೆ. ನಾವು ಟೈಟಲ್ ಸಾಂಗ್, ಶೀರ್ಷಿಕೆ ಗೀತೆ ಅನ್ನುತ್ತೇವೆ. ನಮ್ಮ ಶೀರ್ಷಿಕೆ ಗೀತೆ ಧಾರಾವಾಹಿಯ ಹೆಸರನ್ನೇ ಹೊತ್ತುಕೊಂಡಿರುತ್ತದೆ. ‘ಮಾಯಾಮೃಗ’ ನೋಡಿದವರಿಗೆ ಬಿಡಿಸಿ ಹೇಳಬೇಕಿಲ್ಲ. ಜಪಾನಿನಲ್ಲಿ ಹಾಡಿಗೆ ತನ್ನದೇ ಹೆಸರು, ತನ್ನದೇ ವ್ಯಾಪಾರ. 1991ರ ಜನವರಿಯಲ್ಲಿ ಫ್ಯೂಜಿ ಟಿವಿಯಲ್ಲಿ ‘ಟೋಕಿಯೊ ಲವ್ ಸ್ಟೋರಿ’ ಶುರುವಾಯಿತು. ಒದ ಕಜುಮಸ ಹಾಡಿದ ಅದರ ಹಾಡು ಫೆಬ್ರವರಿಯಲ್ಲಿ ಸಿಂಗಲ್ ಆಗಿ ಬಂದು 25 ಲಕ್ಷಕ್ಕೂ ಜಾಸ್ತಿ ಮಾರಾಟವಾಯಿತು. ಶುರುವಿನಲ್ಲಿ ಗಿಟಾರಿನ ಒಂದೇ ಒಂದು ಚುರುಕು ಮೀಟು ಕೇಳಿಸಿದರೆ ಸಾಕು, ಆ ಕಾಲದವರಿಗೆ ಹೀರೋಯಿನ್ ರಿಕಾ ನೆನಪಾಗುತ್ತಾಳೆ. ಹೆಸರಿಗೂ ಹೆಸರಿಗೂ ಸಂಬಂಧ ಇರಲೇಬೇಕು ಅಂತಿಲ್ಲ. 2024ರ ‘ಫುತೆಕಿಸೆತ್ಸು ನಿ ಮೊ ಹೊದೊ ಗ ಅರು!’ (ಅನುಚಿತಕ್ಕೂ ಒಂದು ಮಿತಿ ಇದೆ!) ಅನ್ನುವ ಧಾರಾವಾಹಿ 1986ರ ಒಬ್ಬ ಒರಟು ಪಿಟಿ ಮೇಷ್ಟ್ರು ಬಸ್ಸು ಹತ್ತಿ 2024ಕ್ಕೆ ಬಂದಿಳಿಯುವ ಕಥೆ. ಹಾಡಿನ ಹೆಸರು ‘ನಿದೊನೆ’. ಎದ್ದವರು ಮತ್ತೆ ಮಲಗಿ ಹೊಡೆಯುವ ಎರಡನೇ ನಿದ್ದೆ! ಹಾಗಾಗಿ ಶೀರ್ಷಿಕೆ ಗೀತೆ ಅನ್ನುವುದಕ್ಕಿಂತ ‘ಮುಖ್ಯ ಹಾಡು’ ಅನ್ನುವುದೇ ಸಾಕು ಅಂತ ನನ್ನ ತೀರ್ಮಾನ. ಬೇರೆ ಸಲಹೆ ಇದ್ದರೆ ಹೇಳಿ.

ಆ ಉದ್ದನೆಯ ಹೆಸರನ್ನು ಅಲ್ಲಿಯವರು ‘ಫುತೆಹೊದೊ’ ಅಂತ ಕತ್ತರಿಸಿಕೊಂಡರು. ಆ ವರ್ಷದ ಜನಪ್ರಿಯ ಪದ ಪ್ರಶಸ್ತಿಯೂ ಅದಕ್ಕೇ ಬಂತು. ಎರಡು ಮಾತ್ರೆ ಇಲ್ಲಿಂದ, ಎರಡು ಮಾತ್ರೆ ಅಲ್ಲಿಂದ, ಅಷ್ಟೇ ಸೂತ್ರ. ನಾವು ಸಿನಿಮಾ ಹೆಸರನ್ನು ಮೊಟಕು ಮಾಡುವಾಗ ಇಂಗ್ಲಿಷ್ ಅಕ್ಷರ ಹಿಡಿಯುತ್ತೇವೆ, ‘ಸಪ್ತ ಸಾಗರದಾಚೆ ಎಲ್ಲೋ’ ಎಸ್‌ಎಸ್‌ಇ ಆದ ಹಾಗೆ. ಅದೇ ಕನ್ನಡ, ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪನವರನ್ನು ಕುವೆಂಪು ಮಾಡಿತ್ತು. ಆ ಕಲೆ ಸಾಹಿತಿಗಳ ಹೆಸರಿನಲ್ಲೇ ಯಾಕೆ ನಿಂತುಹೋಯಿತೋ! ಇದು ಸುಮ್ನೆ ಅಡ್ಡಮಾತು.

ಮೂರನೆಯದು, ‘ಕೂರು’. ಜಪಾನಿ ಟಿವಿಯ ವರ್ಷ ನಾಲ್ಕು ಪಾಲು: ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್. ಒಂದೊಂದು ಪಾಲಿಗೂ ಹೊಸ ಧಾರಾವಾಹಿಗಳು. ವಾರಕ್ಕೊಂದು ಕಂತು, ಹತ್ತು ಹನ್ನೊಂದು ಕಂತಿಗೆ ಕಥೆ ಪೂರ್ತಿ. ಈ ಮೂರು ತಿಂಗಳ ಪಾಲಿಗೆ ಕೂರು ಅನ್ನುತ್ತಾರೆ. ‘ಸೀಸನ್’ ಅಂದರೆ ಒಂದೇ ಕಥೆಯ ಎರಡನೇ ಭಾಗ ಅನ್ನುವ ಅರ್ಥ ಬಂದುಬಿಡುತ್ತದೆ. ‘ಬೆಳೆ’ ಅನ್ನೋಣವೇ? ‘ಈ ಅಕ್ಟೋಬರ್ ಬೆಳೆ ಚೆನ್ನಾಗಿದೆ, ಜುಲೈ ಬೆಳೆ ಜೊಳ್ಳು’ ಅಂತ ಬರೆದರೆ ನನಗಂತೂ ಓದಲು ಹಿತ. ಇದಕ್ಕೆ ಹೆಚ್ಚು ಚರ್ಚೆ ಬೇಡ. ಬೇಡ ಅನ್ನುವವರು ಇದ್ದರೆ ಮಾತ್ರ ಬರೆಯಿರಿ.

ಈಗ ನಿಜವಾಗಿ ನಿದ್ದೆ ಕೆಡಿಸಿರುವ ಸಂಗತಿ. ಜಪಾನಿನ ಸಾರ್ವಜನಿಕ ವಾಹಿನಿ ಎನ್‌ಎಚ್‌ಕೆಯ ಬೆಳಗಿನ ಧಾರಾವಾಹಿಗಳಿಗೆ ‘ಅಸದೊರ’ ಅಂತ ಹೆಸರು. 1961ರಿಂದ ನಡೆದುಕೊಂಡು ಬಂದಿವೆ. ಬೆಳಿಗ್ಗೆ ಎಂಟಕ್ಕೆ, ಹದಿನೈದು ನಿಮಿಷ, ಸಾಮಾನ್ಯವಾಗಿ ಆರು ತಿಂಗಳು. ಇವುಗಳ ಒಂದೊಂದು ಉದ್ಗಾರ ಊರೆಲ್ಲ ಓಡಾಡುತ್ತದೆ. 2013ರ ‘ಅಮಚನ್’ನಲ್ಲಿ ಇವಾತೆ ಸೀಮೆಯ ಕಡಲತೀರದ ‘ಜೆಜೆಜೆ!’ ಬಂತು. ಆಶ್ಚರ್ಯ ಎಷ್ಟೋ ‘ಜೆ’ಗಳು ಅಷ್ಟು. ಅದಕ್ಕೆ ಕನ್ನಡ ಹುಡುಕುವ ಕಷ್ಟವೇ ಇಲ್ಲ. ಅಬ್ಬ, ಅಬ್ಬಬ್ಬ, ಅಬ್ಬಬ್ಬಬ್ಬ! ನಮ್ಮದೂ ಅದೇ ಲೆಕ್ಕ.

ಕಷ್ಟ ಇರುವುದು 2024ರ ‘ತೊರ ನಿ ತ್ಸುಬಸ’ದಲ್ಲಿ. ಜಪಾನಿನ ಮೊದಲ ಮಹಿಳಾ ವಕೀಲರಲ್ಲಿ ಒಬ್ಬರಾಗಿ, ಮುಂದೆ ನ್ಯಾಯಾಧೀಶರಾದ ಮಿಬುಚಿ ಯೊಶಿಕೊ ಅವರ ಬದುಕು ಇದಕ್ಕೆ ಮಾದರಿ. ಹೀರೋಯಿನ್ ತೊಮೊಕೊಳಾಗಿ ಇತೊ ಸೈರಿ. ಇವಳಿಗೆ ಯಾವುದಾದರೂ ಸರಿಕಾಣದಿದ್ದರೆ ಬಾಯಿಂದ ಬರುವುದು ‘ಹತೆ?’ ಅಷ್ಟೇ. ಕೋಪವಲ್ಲ, ಜಗಳವಲ್ಲ. ತಲೆ ಸ್ವಲ್ಪ ವಾಲಿಸಿ, ಕಣ್ಣರಳಿಸಿ, ‘ಹತೆ?’ ಅನ್ನುತ್ತಾಳೆ. ಮದುವೆಯಾದ ಹೆಣ್ಣು ಕಾನೂನಿನ ಪ್ರಕಾರ ‘ಅಸಮರ್ಥಳು’ ಅಂತ ಪಾಠದಲ್ಲಿ ಕೇಳಿದಾಗಲೂ ಇದೇ ‘ಹತೆ?’. ಮೇಜಿನ ಸುತ್ತ ಕೂತ ಗಂಡಸರು ಉತ್ತರಕ್ಕೆ ತಡಕಾಡುವುದು ನೋಡಬೇಕು. ಕೂಗಾಡಿದ್ದರೆ ಸುಲಭವಾಗಿ ಬಾಯಿ ಮುಚ್ಚಿಸುತ್ತಿದ್ದರು.

ಈ ‘ಹತೆ?’ಗೆ ಕನ್ನಡದಲ್ಲಿ ಏನು? ‘ಅಂದ್ರೆ?’ ಅಂದರೆ ಅರ್ಥವಾಗದ ವಿದ್ಯಾರ್ಥಿಯ ಪ್ರಶ್ನೆಯಾಗುತ್ತದೆ. ‘ಅರೆ!’ ಬರೀ ಆಶ್ಚರ್ಯ. ‘ಎಲಾ!’ ಅಂದರೆ ನಾಟಕದ ರಾಜ ಬಂದುಬಿಡುತ್ತಾನೆ. ಜಪಾನಿನಲ್ಲೂ ‘ಹತೆ’ ಇವತ್ತಿನ ಹುಡುಗಿಯರ ಬಾಯಲ್ಲಿ ಇರುವ ಮಾತಲ್ಲ, ಸ್ವಲ್ಪ ಹಳೆಯ ವಾಸನೆ ಇದೆ. ‘ಅದ್ಹೇಗೆ?’ ಅನ್ನುವುದು ನನಗೆ ಹತ್ತಿರ ಅನಿಸಿದೆ. ನಮ್ಮ ಅಜ್ಜಿಯಂದಿರು ಮಗ್ಗುಲಿಗೆ ತಿರುಗಿ ‘ಅದ್ಹೇಗಪ್ಪಾ?’ ಅಂತ ಕೇಳಿದರೆ ಎದುರಿನವರು ತಡವರಿಸುತ್ತಿದ್ದರಲ್ಲ, ಆ ದನಿ. ಆದರೆ ‘ಹತೆ’ ಎರಡೇ ಅಕ್ಷರ, ತುಟಿ ಅಲ್ಲಾಡಿಸುವಷ್ಟರಲ್ಲಿ ಮುಗಿಯುತ್ತದೆ. ‘ಹೌದಾ?’ ಆಗಬಹುದೇ? ಅನುಮಾನದ ‘ಹೌದಾ?’ ಬೇರೆ, ಸುದ್ದಿ ಕೇಳಿದಾಗಿನ ‘ಹೌದಾ!’ ಬೇರೆ. ಬರಹದಲ್ಲಿ ಆ ವ್ಯತ್ಯಾಸ ಉಳಿಯುವುದಿಲ್ಲ. ಉತ್ತರ ಕರ್ನಾಟಕದವರಲ್ಲಿ ಇದಕ್ಕೆ ಚುಟುಕಾದ ಮಾತು ಇರಲೇಬೇಕು ಅಂತ ನನ್ನ ಗುಮಾನಿ.

ಇದರ ಹೆಸರಿನದೂ ಒಂದು ಗೊಂದಲ. ‘ತೊರ ನಿ ತ್ಸುಬಸ’ ಅಂದರೆ ಹುಲಿಗೆ ರೆಕ್ಕೆ. ಮೊದಲೇ ಬಲವಿದ್ದವರಿಗೆ ಇನ್ನಷ್ಟು ಬಲ ಸಿಕ್ಕಿತು ಅನ್ನುವ ಗಾದೆ. ಗೆಳತಿಯೊಬ್ಬಳು ‘ಆನೆಬಲ ಅಂತ ಮಾಡು, ಅಚ್ಚ ಕನ್ನಡ’ ಅಂದಳು. ಮಾತು ಚೆನ್ನಾಗಿದೆ. ಆದರೆ ತೊಮೊಕೊ ಹುಟ್ಟಿದ್ದು 1914ರಲ್ಲಿ, ಅಲ್ಲಿಯ ಎಣಿಕೆಯಂತೆ ಅದು ಹುಲಿ ವರ್ಷ. ಮನೆಯವರು, ಗೆಳೆಯರು ಕರೆಯುವುದೂ ‘ತೊರ’ ಅಂತಲೇ. ಅವಳನ್ನು ಆನೆ ಮಾಡಿದರೆ ಕಥೆಯೇ ಕೆಡುತ್ತದೆ. ಹುಲಿ ಇರಲಿ.

ಕೊನೆಯದಾಗಿ ‘ಬಕೆಬಕೆ’. 2025ರ ಸೆಪ್ಟೆಂಬರ್ ಕೊನೆಗೆ ಶುರುವಾದ ಅಸದೊರ. ದೆವ್ವದ ಕಥೆಗಳಿಗೆ ಹೆಸರಾದ ಲೇಖಕ ಲಫ್ಕಾಡಿಯೊ ಹರ್ನ್‌ನ ಹೆಂಡತಿ ಸೆತ್ಸು ಅವರಿಂದ ಪ್ರೇರಿತ. ಮತ್ಸುಎ ಊರಿನ ಬಡ ಸಮುರಾಯ್ ಮನೆತನದ ಹುಡುಗಿ, ದೆವ್ವದ ಕಥೆ ಅಂದರೆ ಪ್ರಾಣ. ತಕೈಶಿ ಅಕರಿ ಅವಳಾಗಿ ನಗಿಸುತ್ತಾಳೆ, ಅಳಿಸುತ್ತಾಳೆ. ಮನೆಯಲ್ಲಿ ತುತ್ತಿಗೆ ತತ್ವಾರ, ಆದರೂ ಅಪ್ಪ, ತಾತನ ಠೇಂಕಾರಕ್ಕೆ ಕಮ್ಮಿಯಿಲ್ಲ. ಇದರ ಹಾಡು ಹಂಬರ್ಟ್ ಹಂಬರ್ಟ್ ಅನ್ನುವ ಗಂಡ-ಹೆಂಡಿರ ಜೋಡಿಯದು. ಗಿಟಾರಿನ ಜೊತೆ ಎರಡೇ ಕಂಠ, ಅಬ್ಬರವಿಲ್ಲ. ಬೆಳಗಿನ ಕಾಫಿಗೆ ಹೇಳಿ ಮಾಡಿಸಿದ ಹಾಡು.

ಹಾಡಿನ ಹೆಸರು ‘ವರತ್ತರಿ ಕೊರೊಂದರಿ’. ‘ವರೌ’ ನಗು, ‘ಕೊರೊಬು’ ಎಡವಿ ಬೀಳು. ‘-ತರಿ -ತರಿ’ ಸೇರಿದರೆ ಒಮ್ಮೆ ಇದು, ಒಮ್ಮೆ ಅದು, ಹೀಗೇ ಇನ್ನೂ ಏನೇನೋ ಅನ್ನುವ ಭಾವ. ‘ನಕ್ಕು ಬಿದ್ದು’ ಅನ್ನಲು ಹೋದರೆ ನಮಗೆ ‘ಬಿದ್ದು ಬಿದ್ದು ನಗುವುದು’ ನೆನಪಾಗಿ, ಎಡವಿ ಬಿದ್ದ ನೋವು ಮಾಯವಾಗಿ ಬರೀ ನಗುವೇ ಉಳಿಯುತ್ತದೆ. ‘ನಗುತ್ತಾ ಬೀಳುತ್ತಾ’ ಅಂದರೆ ಎರಡೂ ಒಟ್ಟಿಗೇ ನಡೆದಂತೆ. ‘ನಗೋದೂ ಎಡವೋದೂ’ ಅನ್ನುವುದರಲ್ಲಿ ‘-ತರಿ’ಯ ಗುಣ ಇದೆ, ಎರಡು ‘ಊ’ ಸೇರಿ ಲಯವೂ ಬಂದಿದೆ. ಇದಕ್ಕಿಂತ ಒಳ್ಳೆಯದು ಯಾರಿಗಾದರೂ ಹೊಳೆದರೆ ಈ ವಾರದೊಳಗೆ ತಿಳಿಸಿ. ‘ಬಕೆಬಕೆ’ ಬಗೆಗಿನ ಬರಹ ಆ ಒಂದು ಸಾಲಿಗೆ ಕಾಯುತ್ತಿದೆ. ಸಬಿಗೆ ಅವಸರವಿಲ್ಲ. ಆದರೆ ಸೊಲ್ಲು ಬೇಡ ಅನ್ನುವವರು ಕಾರಣದ ಜೊತೆ ಬದಲಿ ಪದವನ್ನೂ ಕೊಡಬೇಕು.